ಒಂದು ಅಂಕದ ಅಂತರ

ಶಾಲೆಗಳ ಹೊಣೆ ಹೊತ್ತ ಪಾದ್ರಿಗಳಿಗೆ ತೀರ್ಪುಗಾರರ ಕುರ್ಚಿ ಹೊಸದೇನಲ್ಲ. ಭಾಷಣ, ಭಾವಗೀತೆ, ರಂಗವಲ್ಲಿ, ಛದ್ಮವೇಷ, ಯಾವುದಕ್ಕೆ ಕರೆದರೂ ಹೋಗುತ್ತೇವೆ. ಗೊತ್ತಿದ್ದುದಕ್ಕೂ ಹೋಗುತ್ತೇವೆ, ಗೊತ್ತಿಲ್ಲದ್ದಕ್ಕೂ ಹೋಗುತ್ತೇವೆ. ಗೊತ್ತಿಲ್ಲದ ವಿಷಯದಲ್ಲಿ ಪಕ್ಕದವರ ಹಾಳೆಯತ್ತ ಒಮ್ಮೆ ಕಣ್ಣು ಹಾಯಿಸಿ ಅದರ ಆಸುಪಾಸಿನ ಅಂಕ ಕೊಟ್ಟು ಮರ್ಯಾದೆ ಉಳಿಸಿಕೊಳ್ಳಬಹುದು. ಅಪಾಯವಿರುವುದು ಗೊತ್ತಿದ್ದ ವಿಷಯದಲ್ಲಿಯೇ. ನಾನು ಎಡವಿದ್ದು ಯಕ್ಷಗಾನದಲ್ಲಿ. ಅದು ನನಗೆ ಬಾಲ್ಯದಿಂದಲೂ ಗೊತ್ತಿದ್ದ ಕಲೆ.

2014ರ ಜನವರಿಯಲ್ಲಿ ಯಲ್ಲಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪ್ರೌಢಶಾಲಾ ಬಾಲಕರಿಗಾಗಿ ಸ್ಪರ್ಧೆ ಏರ್ಪಟ್ಟಿತ್ತು. ಪ್ರತಿಯೊಬ್ಬನೂ ವೇಷ ಕಟ್ಟಿ, ಪ್ರವೇಶ ಕುಣಿದು, ಎರಡು ಪದ್ಯಗಳಿಗೆ ಅಭಿನಯಿಸಿ ಅರ್ಥ ಹೇಳಬೇಕು. ಹಿಮ್ಮೇಳ ಎಲ್ಲರಿಗೂ ಒಂದೇ. ತೀರ್ಪುಗಾರರು ಮೂವರು: ಒಬ್ಬರು ನಿವೃತ್ತ ವೇಷಧಾರಿಗಳು, ಇನ್ನೊಬ್ಬರು ಮದ್ದಳೆ ಬಲ್ಲ ಶಿಕ್ಷಕರು, ಮೂರನೆಯವನು ನಾನು. ನಮ್ಮ ಮುಂದಿದ್ದ ಹಾಳೆಯಲ್ಲಿ ವೇಷಭೂಷಣ, ಲಯ ಮತ್ತು ಕುಣಿತ, ಅಭಿನಯ, ಮಾತುಗಾರಿಕೆ, ಒಟ್ಟು ಪರಿಣಾಮ ಎಂಬ ಐದು ಕಾಲಮುಗಳು. ಒಂದೊಂದಕ್ಕೆ 10 ಅಂಕ. ಕೊನೆಯಲ್ಲಿ ಷರಾ ಎಂಬ ಇನ್ನೊಂದು ಕಾಲಮು. ಅದಕ್ಕೆ ಅಂಕವಿಲ್ಲ, ಬರೆಯಲೇಬೇಕೆಂಬ ಕಡ್ಡಾಯವೂ ಇಲ್ಲ. ನಾನೋ, ಖಾಲಿ ಜಾಗ ಕಂಡರೆ ಬರೆಯುವ ಸ್ವಭಾವದವನು.

ಹನ್ನೊಂದು ಮಕ್ಕಳು ಕುಣಿದರು. ಅವರಲ್ಲಿ ಇಬ್ಬರು ಉಳಿದವರಿಗಿಂತ ಬಹಳ ಮುಂದಿದ್ದರು. ಇಬ್ಬರದೂ ಅಭಿಮನ್ಯುವಿನ ವೇಷವೇ. ಮೊದಲನೆಯವನು ಸಿದ್ದಾಪುರದ ಕಡೆಯ ಹುಡುಗ, ತೆಳ್ಳನೆಯ ಮೈ, ಸ್ಪಷ್ಟ ಮಾತು. ಹೆಜ್ಜೆಗಳನ್ನು ಎಣಿಸಿಟ್ಟಂತೆ ಇಡುತ್ತಿದ್ದ. ಚಕ್ರವ್ಯೂಹವನ್ನು ಭೇದಿಸಿ ಒಳನುಗ್ಗಲು ಬರುತ್ತದೆ, ಹೊರಬರುವ ದಾರಿ ತಿಳಿಯದು ಎಂಬಲ್ಲಿ ಅವನು ಕುಣಿತವನ್ನು ನಿಲ್ಲಿಸಿ ಕ್ಷಣಕಾಲ ಸುಮ್ಮನೆ ನಿಂತ. ಸಭೆಯೂ ಸುಮ್ಮನಾಯಿತು. ಎರಡನೆಯವನು ಯಲ್ಲಾಪುರದ ಕಾಡಂಚಿನ ಸಿದ್ದಿ ಹುಡುಗ. ಅವನು ರಂಗಕ್ಕೆ ಬಂದದ್ದೇ ಬಿರುಗಾಳಿಯಂತೆ. ಮಂಡಿಯೂರಿ ಸುತ್ತು ಹಾಕತೊಡಗಿದಾಗ ಹಿಂದಿನ ಸಾಲಿನ ಮಕ್ಕಳು ಎದ್ದು ನಿಂತು ಎಣಿಸತೊಡಗಿದರು. ಪದ್ಯ ಮುಗಿಯುವಷ್ಟರಲ್ಲಿ ಅವನ ಎದೆ ಏರಿಳಿಯುತ್ತಿತ್ತು. ಅರ್ಥದ ಮೊದಲ ಎರಡು ವಾಕ್ಯಗಳು ಏದುಸಿರಿನಲ್ಲಿಯೇ ಹೊರಟವು.

ಮೊದಲನೆಯವನಿಗೆ ನಾನು 50ಕ್ಕೆ 42 ಕೊಟ್ಟೆ. ಎರಡನೆಯವನಿಗೆ 38. ಕುಣಿತದ ಕಾಲಮಿನಲ್ಲಿ ಅವನಿಗೆ 9 ಹಾಕಿ, ಅಭಿನಯದಲ್ಲಿ 6ಕ್ಕೆ ಇಳಿಸಿದೆ. ಒಟ್ಟು ಕೂಡಿಸಿದಾಗ ಮೊದಲನೆಯವನಿಗೆ 121, ಸಿದ್ದಿ ಹುಡುಗನಿಗೆ 120. ಬಹುಮಾನ ವಿತರಣೆ ಮುಗಿಯಿತು. ಬಣ್ಣವನ್ನು ಅರೆಬರೆ ಒರೆಸಿಕೊಂಡ ಆ ಹುಡುಗ ನನ್ನ ಬಳಿಗೆ ಬಂದ. ಜಗಳಕ್ಕೆ ಬಂದವನಲ್ಲ. ‘ಫಾದರ್, ಎಲ್ಲಿ ತಪ್ಪಿತು ಹೇಳಿ. ಮುಂದಿನ ವರ್ಷ ತಿದ್ದಿಕೊಳ್ಳುತ್ತೇನೆ’ ಎಂದ.

‘ಕುಣಿತ ಸ್ವಲ್ಪ ಹೆಚ್ಚಾಯಿತು ಮಗಾ. ಅಭಿಮನ್ಯುವಿಗೆ ಮಾತಿಗೂ ಉಸಿರು ಉಳಿಯಬೇಕಲ್ಲ’ ಎಂದೆ.

ಅವನು ತುಸು ಹೊತ್ತು ನೆಲ ನೋಡಿದ. ‘ಭಾಗವತರು ಪದ್ಯ ಬಿಡಲೇ ಇಲ್ಲ ಫಾದರ್. ಅವರು ಹೇಳುತ್ತಿರುವಾಗ ನಾನು ಹೇಗೆ ನಿಲ್ಲಿಸಲಿ?’

ನನ್ನಲ್ಲಿ ಉತ್ತರವಿರಲಿಲ್ಲ. ಯಕ್ಷಗಾನದಲ್ಲಿ ಭಾಗವತನೇ ಮೊದಲ ವೇಷಧಾರಿ ಎಂಬುದು ಚಿಕ್ಕ ಮಕ್ಕಳಿಗೂ ತಿಳಿದ ಮಾತು. ರಂಗವನ್ನು ನಡೆಸುವವನು ಅವನೇ. ಹುಡುಗನ ಕುಣಿತದ ಹುರುಪು ಕಂಡು ಭಾಗವತರು ಪದ್ಯದ ಸಾಲನ್ನು ಮತ್ತೆ ಮತ್ತೆ ಎತ್ತಿದ್ದರು, ಚಂಡೆಯವರು ಕೈ ಬಿಡಲಿಲ್ಲ. ಮೊದಲನೆಯ ಹುಡುಗನಿಗೆ ಅವರು ಹಾಗೆ ಮಾಡಿರಲಿಲ್ಲ. ಹಿಮ್ಮೇಳ ಒಂದೇ ಆದರೂ ಇಬ್ಬರಿಗೆ ಸಿಕ್ಕ ಪದ್ಯ ಒಂದೇ ಅಳತೆಯದಾಗಿರಲಿಲ್ಲ. ನಾನು ಇದನ್ನು ಕೇಳಿಸಿಕೊಂಡಿದ್ದೆ, ಆದರೆ ಗಮನಿಸಿರಲಿಲ್ಲ. ಏಕೆ ಗಮನಿಸಲಿಲ್ಲ ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಬೆಳೆದದ್ದು ಶಿರಸಿಯಲ್ಲಿ. ತಂದೆಯವರು ಕಟ್ಟಿಗೆ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ. ಅವರಿಗಿದ್ದ ಒಂದೇ ಚಟವೆಂದರೆ ಆಟ ನೋಡುವುದು. ಡೇರೆ ಮೇಳಗಳ ಕಾಲವದು. ಸಂಜೆ ಊಟ ಮುಗಿಸಿ, ಚಾಪೆ ಸುತ್ತಿಕೊಂಡು, ನನ್ನ ಕೈ ಹಿಡಿದು ಹೊರಟರೆ ಬೆಳಗಿನ ಗಂಟೆ ಹೊಡೆಯುವ ಹೊತ್ತಿಗೆ ಮರಳುತ್ತಿದ್ದರು. ನಮ್ಮ ಜೊತೆಗೆ ನೆರೆಯ ಅಡಿಕೆ ತೋಟದ ಹೆಗಡೆಯವರು. ಇಬ್ಬರೂ ಹತ್ತಿರ ಹತ್ತಿರವೇ ಕುಳಿತು ಒಂದೇ ಆಟ ನೋಡಿ, ಮರಳುವ ದಾರಿಯುದ್ದಕ್ಕೂ ವಾದಿಸುತ್ತಿದ್ದರು. ತಂದೆಯವರು ಚಿಟ್ಟಾಣಿಯವರ ಪಕ್ಷ. ಹೆಗಡೆಯವರು ಕೆರೆಮನೆಯವರ ಪಕ್ಷ.

ಇಂದಿನ ಓದುಗರಿಗೆ ಒಂದೆರಡು ಮಾತು ಹೇಳಬೇಕು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಕೆರೆಮನೆ ಶಂಭು ಹೆಗಡೆಯವರೂ ಘಟ್ಟದ ಕೆಳಗಿನ ಹೊನ್ನಾವರ ತಾಲ್ಲೂಕಿನವರು. ಆದರೆ ಅವರಿಗಾಗಿ ಜಗಳವಾಡುವ ಅಭಿಮಾನಿಗಳಿಗೆ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿಯೂ ಕೊರತೆಯಿರಲಿಲ್ಲ. ಶಂಭು ಹೆಗಡೆಯವರ ಬೆನ್ನಿಗೆ ಅವರ ತಂದೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಪರಂಪರೆಯಿತ್ತು. ಅದರ ಮೇಲೆ ದಿಲ್ಲಿಯಲ್ಲಿ ಮಾಯಾ ರಾವ್ ಅವರಲ್ಲಿ ನೃತ್ಯ ಸಂಯೋಜನೆಯ ಶಿಕ್ಷಣವನ್ನೂ ಪಡೆದು ಬಂದವರು ಅವರು. ಅವರ ಹರಿಶ್ಚಂದ್ರನನ್ನು ನೋಡಿದವರಿಗೆ ಗೊತ್ತು: ಒಂದು ಹೆಜ್ಜೆ ಕಡಿಮೆಯಾದರೂ ಆಗಲಿ, ಪಾತ್ರಕ್ಕೆ ಒಪ್ಪದ ಹೆಜ್ಜೆ ಬೀಳಬಾರದು ಎಂಬ ಹಿಡಿತ. ಚಿಟ್ಟಾಣಿಯವರು ಹೆಚ್ಚು ಶಾಲೆ ಕಂಡವರಲ್ಲ. ಅವರ ಭಸ್ಮಾಸುರ, ಕೀಚಕ, ದುಷ್ಟಬುದ್ಧಿ ರಂಗಕ್ಕೆ ಬಂದರೆ ನಿದ್ದೆಯಲ್ಲಿದ್ದ ಮಕ್ಕಳೂ ಎದ್ದು ಕೂರುತ್ತಿದ್ದರು. ಹುಬ್ಬು ಒಂದು ಕಡೆ, ಕಾಲು ಒಂದು ಕಡೆ, ನಡುವೆ ಮೈಯೆಲ್ಲ ಪದ್ಯವೇ.

ಹೆಗಡೆಯವರು ನನ್ನನ್ನು ಮಗನಂತೆ ಕಂಡವರು. ಅವರ ಮನೆಯಲ್ಲಿ ಪುಸ್ತಕಗಳಿದ್ದವು. ನಮ್ಮ ಮನೆಯಲ್ಲಿ ಇರಲಿಲ್ಲ. ಆಟದ ನಡುವೆ ನನ್ನ ಗಲ್ಲ ಹಿಡಿದು ತಿರುಗಿಸಿ, ‘ತಮಾ, ಕಾಲು ನೋಡಡ, ಮುಖ ನೋಡು’ ಎನ್ನುತ್ತಿದ್ದರು. ನಾನು ಮುಖವನ್ನೇ ನೋಡುತ್ತ ಬೆಳೆದೆ. ಹನ್ನೆರಡನೆಯ ವಯಸ್ಸಿಗೆಲ್ಲ, ಕುಣಿತ ಸಾಮಾನ್ಯರಿಗೆ, ಅಭಿನಯ ಬಲ್ಲವರಿಗೆ ಎಂಬ ತೀರ್ಮಾನಕ್ಕೆ ಬಂದಿದ್ದೆ. ಒಂದು ರಾತ್ರಿ ಮರಳುವಾಗ ತಂದೆಯವರ ಎದುರೇ ಹಾಗೆಂದು ಹೇಳಿಬಿಟ್ಟೆ. ಅವರು ಮರುಮಾತಾಡಲಿಲ್ಲ. ಬಹಳ ಹೊತ್ತಿನ ಮೇಲೆ, ‘ಅವರ ಕಾಲೇ ಮಾತಾಡುತ್ತದೆ, ನಿನಗೆ ಕೇಳಿಸುವುದಿಲ್ಲ’ ಎಂದಷ್ಟೇ ಅಂದರು. ಹೆಗಡೆಯವರು ಆ ದಿನ ವಾದ ಮುಂದುವರಿಸಲಿಲ್ಲ ಎಂಬುದು ನೆನಪಿದೆ.

ಆ ಕಾಲದಲ್ಲಿ ಪೈಪೋಟಿಯನ್ನು ಕಣ್ಣೆದುರೇ ತೀರ್ಮಾನಿಸುವ ಒಂದು ಪದ್ಧತಿಯೂ ಇತ್ತು: ಜೋಡಾಟ. ಒಂದೇ ಬಯಲಿನಲ್ಲಿ ಅಕ್ಕಪಕ್ಕ ಎರಡು ರಂಗಸ್ಥಳ, ಎರಡು ಮೇಳ, ಒಂದೇ ಪ್ರಸಂಗ, ಒಂದೇ ಹೊತ್ತಿಗೆ. ಸಿದ್ದಾಪುರದ ಕಡೆಯ ಗದ್ದೆಬಯಲಿನಲ್ಲಿ ಬಾಲ್ಯದಲ್ಲಿ ಒಂದನ್ನು ನೋಡಿದ್ದೇನೆ. ಈ ಕಡೆ ಅರ್ಜುನ ಹತ್ತು ಸುತ್ತು ಹಾಕಿದರೆ ಆ ಕಡೆಯ ಅರ್ಜುನ ಹದಿನೈದು. ಇಲ್ಲಿ ಚಂಡೆ ಏರಿದರೆ ಅಲ್ಲಿ ಎರಡು ಚಂಡೆ. ಜನ ಕುಳಿತಲ್ಲಿಂದಲೇ ಕತ್ತು ಹೊರಳಿಸುತ್ತಿದ್ದರು. ಎತ್ತ ಹೆಚ್ಚು ಕತ್ತು ಹೊರಳಿತೋ ಅತ್ತ ಗೆಲುವು. ಮಧ್ಯರಾತ್ರಿ ಕಳೆಯುವುದರೊಳಗೆ ಎರಡೂ ಕಡೆ ಮಾತೆಂಬುದು ಮಾಯವಾಗಿ ಬರಿಯ ಸುತ್ತು, ಬರಿಯ ಸದ್ದು. ಹೆಗಡೆಯವರು ಬೇಸರದಿಂದ ಎದ್ದು ಚಹದ ಅಂಗಡಿಗೆ ಹೋದರು. ಆ ರಾತ್ರಿ ನನ್ನ ತೀರ್ಮಾನ ಇನ್ನಷ್ಟು ಗಟ್ಟಿಯಾಯಿತು. ಸಿದ್ದಿ ಹುಡುಗನು ಮಂಡಿ ಊರಿ ಸುತ್ತತೊಡಗಿದಾಗ, ಹಿಂದಿನ ಸಾಲಿನವರು ಎಣಿಸತೊಡಗಿದಾಗ, ನಾನು ನೋಡಿದ್ದು ಅವನನ್ನಲ್ಲ. ಆ ಗದ್ದೆಬಯಲಿನ ಅರ್ಜುನರನ್ನು.

ಈ ಸಂಗತಿಯನ್ನು ಗುರುಮಠದಲ್ಲಿ ನನ್ನ ಸಹಪಾಠಿಯಾಗಿದ್ದು, ಆಗ ಕೆನಡಾದಲ್ಲಿ ಸೇವೆಯಲ್ಲಿದ್ದ ಪಾದ್ರಿಯೊಬ್ಬರಿಗೆ ದೂರವಾಣಿಯಲ್ಲಿ ಹೇಳಿಕೊಂಡೆ. (ಗುರುಮಠದಲ್ಲಿ ನಮ್ಮ ಪ್ರಬೋಧನೆಗಳಿಗೂ ಅಂಕವಿತ್ತು. ಧ್ವನಿಗೆ ಇಷ್ಟು, ವಿಷಯಕ್ಕೆ ಇಷ್ಟು, ಕೈಸನ್ನೆಗೆ ಇಷ್ಟು. ನನಗೆ ಎಂದೂ ಕೈಸನ್ನೆಯಲ್ಲಿ ಅರ್ಧಕ್ಕಿಂತ ಮೇಲೆ ಬರಲಿಲ್ಲ. ಅವರಿಗೆ ಅದರಲ್ಲೇ ಪೂರ್ಣ.) ಅವರು ನಕ್ಕು, ‘ನಿನ್ನ ಅಭಿಮನ್ಯುಗಳ ಕಥೆ ಇಲ್ಲಿ ಮಂಜುಗಡ್ಡೆಯ ಮೇಲೆ ನಡೆದಿದೆ’ ಎಂದು ಎರಡು ವೀಡಿಯೋಗಳ ಕೊಂಡಿ ಕಳುಹಿಸಿದರು.

ಫಿಗರ್ ಸ್ಕೇಟಿಂಗ್ ಎಂಬುದು ಬೂಟಿನಡಿಗೆ ಉಕ್ಕಿನ ಅಲಗು ಕಟ್ಟಿಕೊಂಡು ಮಂಜಿನ ಹಾಸಿನ ಮೇಲೆ ಸಂಗೀತಕ್ಕೆ ತಕ್ಕಂತೆ ಜಾರುತ್ತ, ನೆಗೆಯುತ್ತ, ಸುತ್ತುವ ಸ್ಪರ್ಧೆ. ಒಂಟಿ ಗಂಡಸರ ವಿಭಾಗದಲ್ಲಿ 1988ರ ಕ್ಯಾಲ್ಗರಿ ಚಳಿಗಾಲದ ಒಲಿಂಪಿಕ್ಸ್ ಪ್ರಸಿದ್ಧ. ಅಮೆರಿಕದ ಬ್ರಯಾನ್ ಬೊಯ್ಟಾನೊ, ಕೆನಡಾದ ಬ್ರಯಾನ್ ಆರ್ಸರ್. ಹೆಸರೂ ಒಂದೇ; ಕೊನೆಯ ಸುತ್ತಿಗೆ ಇಬ್ಬರೂ ತೊಟ್ಟದ್ದು ಸೈನಿಕನ ಉಡುಪೇ. ಜೋಡಾಟಕ್ಕೆ ಇನ್ನೇನು ಬೇಕು? ಬೊಯ್ಟಾನೊ ಒಂದೂ ತಪ್ಪಿಲ್ಲದೆ ಮುಗಿಸಿದರು. ಆರ್ಸರ್ ಅವರ ಒಂದು ನೆಗೆತ ಇಳಿಯುವಾಗ ತುಸು ಅಲುಗಿತು, ಕೊನೆಗೆ ಇದ್ದ ಮೂರು ಸುತ್ತಿನ ನೆಗೆತವನ್ನು ಎರಡಕ್ಕೆ ಇಳಿಸಿದರು. ಆದರೆ ಜನರೊಡನೆ ಅವರು ಬೆರೆತ ರೀತಿ ಬೇರೆಯೇ. ಅಂದು ತೀರ್ಪುಗಾರರು ಒಂಬತ್ತು ಮಂದಿ. ಆಗಿನ ನಿಯಮದಲ್ಲಿ ಅಂಕಗಳನ್ನು ಕೂಡಿಸುತ್ತಿರಲಿಲ್ಲ. ಒಬ್ಬೊಬ್ಬ ತೀರ್ಪುಗಾರನೂ ಯಾರನ್ನು ಮೊದಲಿಗನೆಂದ ಎಂಬುದನ್ನಷ್ಟೇ ಎಣಿಸುತ್ತಿದ್ದರು. ನಾಲ್ವರು ಆರ್ಸರ್ ಎಂದರು, ಮೂವರು ಬೊಯ್ಟಾನೊ ಎಂದರು. ಉಳಿದಿಬ್ಬರ ಹಾಳೆಯಲ್ಲಿ ಸಮ. ಸಮವಾದರೆ ಯಾರ ತಾಂತ್ರಿಕ ಅಂಕ ಹೆಚ್ಚೋ ಅವರೇ ಮುಂದೆ ಎಂಬ ನಿಯಮದಂತೆ ಆ ಎರಡೂ ಬೊಯ್ಟಾನೊಗೆ ಸಂದವು. ಐದು, ನಾಲ್ಕು. ನಿಯಮ ಕಲಾಂಶದ ಕಡೆಗಿದ್ದಿದ್ದರೆ ಚಿನ್ನದ ಪದಕ ಇನ್ನೊಬ್ಬ ಬ್ರಯಾನರ ಕೊರಳಲ್ಲಿರುತ್ತಿತ್ತು.

ಎರಡನೆಯದು 2010ರ ವ್ಯಾಂಕೂವರ್. ಅಷ್ಟರಲ್ಲಿ ಅಂಕ ಪದ್ಧತಿ ಬದಲಾಗಿತ್ತು. 2002ರಲ್ಲಿ ಸಾಲ್ಟ್ ಲೇಕ್ ಸಿಟಿಯ ಜೋಡಿ ವಿಭಾಗದಲ್ಲಿ ತೀರ್ಪುಗಾರರೊಬ್ಬರ ಮೇಲೆ ಒತ್ತಡವಿತ್ತೆಂಬ ಹಗರಣವಾಗಿ, ಎರಡು ಜೋಡಿಗಳಿಗೂ ಚಿನ್ನ ಕೊಡಬೇಕಾಗಿ ಬಂದಿತ್ತು. ಆಮೇಲೆ ತಂದ ಕ್ರಮದಲ್ಲಿ ಪ್ರತಿ ನೆಗೆತಕ್ಕೂ ಬೆಲೆ ನಿಗದಿ. ತೀರ್ಪುಗಾರರ ಅಂಕಗಳಲ್ಲಿ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ತೆಗೆದುಹಾಕಿ ಉಳಿದವುಗಳ ಸರಾಸರಿ. ಅಮೆರಿಕದ ಇವಾನ್ ಲೈಸಾಸೆಕ್ 257.67, ರಷ್ಯಾದ ಎವ್ಗೆನಿ ಪ್ಲುಶೆಂಕೊ 256.36. ಅಂತರ ಒಂದು ಚಿಲ್ಲರೆ ಅಂಕ. ಪ್ಲುಶೆಂಕೊ ನಾಲ್ಕು ಸುತ್ತಿನ ನೆಗೆತ ಹಾಕಿದ್ದರು, ಲೈಸಾಸೆಕ್ ಹಾಕಲೇ ಇಲ್ಲ. ಹಾಗಾದರೆ ಗೆದ್ದದ್ದು ಹೇಗೆ? ಜನ ಅಂದುಕೊಳ್ಳುವಂತೆ ಕಲೆಯ ಬಲದಿಂದಲ್ಲ. ಕೊನೆಯ ಸುತ್ತಿನ ಕಲಾಂಶದಲ್ಲಿ ಇಬ್ಬರಿಗೂ ಸರಿಯಾಗಿ 82.80. ವ್ಯತ್ಯಾಸವಾದದ್ದು ತಾಂತ್ರಿಕ ಅಂಕದಲ್ಲಿಯೇ. ಪ್ರದರ್ಶನದ ಉತ್ತರಾರ್ಧದಲ್ಲಿ ಹಾಕಿದ ನೆಗೆತಕ್ಕೆ ಶೇಕಡಾ 10ರಷ್ಟು ಹೆಚ್ಚುವರಿ ಬೆಲೆಯಿತ್ತು. ಲೈಸಾಸೆಕ್ ಉತ್ತರಾರ್ಧಕ್ಕೆ ಐದನ್ನು ಉಳಿಸಿಟ್ಟಿದ್ದರು, ಪ್ಲುಶೆಂಕೊ ಮೂರನ್ನು.

ಆ ಹೆಚ್ಚುವರಿ ಬೆಲೆ ಏತಕ್ಕೆ ಎಂದು ಸಹಪಾಠಿಯನ್ನು ಕೇಳಿದೆ. ‘ದಣಿದ ಕಾಲಿಗೆ’ ಎಂದರು. ನನಗೆ ಡೇರೆಯ ಬೆಳಗಿನ ಜಾವ ನೆನಪಾಯಿತು. ರಾತ್ರಿಯೆಲ್ಲ ಆಟ ನಡೆದು, ಜನ ಅರೆನಿದ್ದೆಗೆ ಜಾರಿದ ಹೊತ್ತಿನಲ್ಲಿ ಪದ್ಯಕ್ಕೆ ಹೊಸದಾಗಿ ಹೆಜ್ಜೆ ಎತ್ತುವ ವೇಷಧಾರಿಗೆ ನಮ್ಮ ಯಾವ ಹಾಳೆಯಲ್ಲಿ ಕಾಲಮಿದೆ? ಭಾಗವತರು ಎಳೆದಷ್ಟೂ ಕುಣಿದು, ಎದೆ ಏರಿಳಿಯುತ್ತಿರುವಾಗಲೇ ಅರ್ಥಕ್ಕೆ ಬಾಯ್ತೆರೆದ ಹುಡುಗನ ಏದುಸಿರನ್ನು ನಾನು ದೋಷವೆಂದು ಬರೆದುಕೊಂಡಿದ್ದೆ.

ಆ ರಾತ್ರಿ ನನ್ನ ಹಾಳೆಯ ನಕಲನ್ನು ತೆಗೆದು ಲೆಕ್ಕ ಹಾಕಿದೆ. ಉಳಿದಿಬ್ಬರ ಅಂಕಗಳನ್ನು ಸಂಘಟಕರು ಅಂದೇ ಓದಿ ಹೇಳಿದ್ದರು. ಸಿದ್ದಾಪುರದ ಹುಡುಗನಿಗೆ 39, 40, ಮತ್ತು ನನ್ನ 42. ಸಿದ್ದಿ ಹುಡುಗನಿಗೆ 41, 41, ಮತ್ತು ನನ್ನ 38. ಕ್ಯಾಲ್ಗರಿಯ ಕ್ರಮದಂತೆ ಎಣಿಸಿದರೆ ಮೂವರಲ್ಲಿ ಇಬ್ಬರು ಸಿದ್ದಿ ಹುಡುಗನನ್ನೇ ಮುಂದಿಟ್ಟಿದ್ದರು. ವ್ಯಾಂಕೂವರಿನಂತೆ ಹೆಚ್ಚಿನದನ್ನೂ ಕಡಿಮೆಯದನ್ನೂ ತೆಗೆದರೆ ಉಳಿಯುವುದು ಆ ಹುಡುಗನಿಗೆ 40, ಇವನಿಗೆ 41. ಯಾವ ದಾರಿಯಿಂದ ನಡೆದರೂ ಇವನೇ ಗೆಲ್ಲುತ್ತಿದ್ದ. ಯಕ್ಷಗಾನವನ್ನು ಕಸುಬಾಗಿ ಬಲ್ಲ ಇಬ್ಬರ ಅಭಿಪ್ರಾಯವನ್ನು ಯಕ್ಷಗಾನದ ಪ್ರೇಕ್ಷಕನೊಬ್ಬನ ನಾಲ್ಕು ಅಂಕ ಮಗುಚಿಹಾಕಿತ್ತು. ಸಿದ್ದಾಪುರದ ಹುಡುಗನಿಗೆ ಅರ್ಹತೆಯಿರಲಿಲ್ಲ ಎಂದಲ್ಲ. ಅವನು ಸುಮ್ಮನೆ ನಿಂತ ಆ ಕ್ಷಣ ಇಂದಿಗೂ ನನ್ನ ಕಣ್ಣ ಮುಂದಿದೆ. ಆದರೆ ಅವನಿಗೆ ನಾನು ಕೊಟ್ಟದ್ದು ಅವನಿಗಷ್ಟೇ ಸಂದ ಅಂಕವಲ್ಲ. ಹೆಗಡೆಯವರಿಗೂ ಅದರಲ್ಲಿ ಪಾಲಿತ್ತು.

ಇಷ್ಟೇ ಆಗಿದ್ದರೆ ಇದನ್ನು ರುಚಿಭೇದವೆಂದು ಮರೆಯಬಹುದಿತ್ತು. ಹಾಳೆಯ ಕೊನೆಯಲ್ಲಿದ್ದ ಷರಾ ಕಾಲಮು ಮರೆಯಲು ಬಿಡಲಿಲ್ಲ. ಸಿದ್ದಾಪುರದ ಹುಡುಗನ ಹೆಸರಿನ ಮುಂದೆ ‘ಉತ್ತಮ ಅಭ್ಯಾಸ’ ಎಂದು ಬರೆದಿದ್ದೆ. ಸಿದ್ದಿ ಹುಡುಗನ ಮುಂದೆ, ‘ಲಯ ಹುಟ್ಟಿನಿಂದಲೇ ಬಂದಿದೆ’. ಬರೆಯುವಾಗ ಅದು ಹೊಗಳಿಕೆಯೆಂದೇ ತಿಳಿದಿದ್ದೆ.

ಸಿದ್ದಿಗಳು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಸಂತತಿ. ಯಲ್ಲಾಪುರ, ಹಳಿಯಾಳ, ಅಂಕೋಲಾ ತಾಲ್ಲೂಕುಗಳ ಕಾಡಿನ ಬದಿಯಲ್ಲಿ ಬಾಳುತ್ತಿದ್ದಾರೆ. ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ನಮ್ಮ ಧರ್ಮಕೇಂದ್ರಗಳಲ್ಲಿ ಕ್ರೈಸ್ತರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಷ್ಟು ತಡವಾಗಿ. ಅವರ ಡಮಾಮಿ ಕುಣಿತವನ್ನು ಸಭೆ ಸಮಾರಂಭಗಳಲ್ಲಿ ನೋಡಿ ಚಪ್ಪಾಳೆ ತಟ್ಟಿದ ನಾವೆಲ್ಲರೂ, ಕುಣಿತ ಅವರ ರಕ್ತದಲ್ಲಿಯೇ ಇದೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡಿದ್ದೇವೆ. ಯಕ್ಷಗಾನದ ತಾಳ ಡಮಾಮಿಯ ತಾಳವಲ್ಲ. ಆಮೇಲೆ ವಿಚಾರಿಸಿದಾಗ ತಿಳಿಯಿತು: ಆ ಹುಡುಗ ಮೂರು ವರ್ಷ, ವಾರಕ್ಕೆ ಎರಡು ಸಂಜೆ, ಶಾಲೆ ಬಿಟ್ಟ ಮೇಲೆ ನಡೆದುಹೋಗಿ ಹೆಜ್ಜೆ ಕಲಿತಿದ್ದ. ಮಂಡಿಯ ಸುತ್ತು ಕಲಿಯುವಾಗ ಚರ್ಮ ಕಿತ್ತುಹೋಗಿ ಒಂದು ತಿಂಗಳು ನಿಲ್ಲಿಸಿದ್ದನಂತೆ. ಒಬ್ಬನ ದುಡಿಮೆಯನ್ನು ದುಡಿಮೆಯೆಂದು ಬರೆದು, ಇನ್ನೊಬ್ಬನದನ್ನು ಹುಟ್ಟಿನ ಖಾತೆಗೆ ಹಾಕಿದ ಮೇಲೆ 6 ಮತ್ತು 9ರ ಲೆಕ್ಕ ತಾನಾಗಿಯೇ ಆಗುತ್ತದೆ. ಬಂದದ್ದಕ್ಕೆ ಬೆಲೆ ಕಡಿಮೆ, ಕಲಿತದ್ದಕ್ಕೆ ಹೆಚ್ಚು.

ನಾನು ಅವನ ಶಾಲೆಗೆ ಹೋದೆ. ಫಲಿತಾಂಶ ಬದಲಿಸುವ ಅಧಿಕಾರ ನನಗಿರಲಿಲ್ಲ. ಸಂಘಟಕರಿಗೆ ಒಂದು ಪತ್ರ ಬರೆದಿದ್ದೆ. ‘ತೀರ್ಪುಗಾರರ ತೀರ್ಮಾನವೇ ಅಂತಿಮ’ ಎಂಬ ನಿಯಮವನ್ನು ಅವರು ವಿನಯದಿಂದ ನೆನಪಿಸಿದರು. ಆ ನಿಯಮದ ಕೆಳಗೆ ನಾನೇ ರುಜು ಹಾಕಿದ್ದೆ. ಹುಡುಗನಿಗೆ ನನ್ನ ಲೆಕ್ಕವನ್ನು ತೋರಿಸಿ, ತಪ್ಪಿದ್ದು ನೀನಲ್ಲ ಎಂದೆ. ಪಾಪನಿವೇದನೆಯ ಪೀಠದಲ್ಲಿ ಇಷ್ಟು ವರ್ಷ ಈ ಕಡೆ ಕುಳಿತು ಅಭ್ಯಾಸವಾದವನಿಗೆ ಆ ಕಡೆಯ ಮಾತು ಸುಲಭವಾಗಿ ಬರುವುದಿಲ್ಲ. ಅವನು ಹಾಳೆಯನ್ನು ತಿರುಗಿಸಿ ನೋಡಿ, ‘ಮಾತಿನಲ್ಲಿ 7 ಸರಿಯಾಗಿಯೇ ಇದೆ ಫಾದರ್. ನಾನು ಎರಡು ಕಡೆ ತಪ್ಪಿದ್ದೆ’ ಎಂದ.

2016ರ ಸುಮಾರಿಗೆ ಶಿರಸಿಯಲ್ಲಿ ಚಿಟ್ಟಾಣಿಯವರ ವೇಷವನ್ನು ಕೊನೆಯ ಬಾರಿ ನೋಡಿದೆ. ಎಂಬತ್ತು ದಾಟಿತ್ತು. ಯಕ್ಷಗಾನ ಕಲಾವಿದರಲ್ಲಿ ಮೊದಲಿಗರಾಗಿ 2012ರಲ್ಲಿ ಪದ್ಮಶ್ರೀ ಪಡೆದಿದ್ದರು. ಶಂಭು ಹೆಗಡೆಯವರು ಅಷ್ಟರಲ್ಲಿ ಇರಲಿಲ್ಲ. 2009ರ ಫೆಬ್ರವರಿಯಲ್ಲಿ, ಇಡಗುಂಜಿಯ ರಂಗದಲ್ಲಿ ವೇಷ ಕಟ್ಟಿದ ರಾತ್ರಿಯೇ ಅವರು ತೀರಿಕೊಂಡಿದ್ದರು. ನನ್ನ ತಂದೆಯವರೂ ಹೆಗಡೆಯವರೂ ಹೋಗಿ ಬಹಳ ಕಾಲವಾಗಿತ್ತು. ನಾನು ಒಬ್ಬನೇ ಕುಳಿತು, ಜೀವನದಲ್ಲಿ ಮೊದಲ ಸಲ ಬೇಕೆಂದೇ ಕಾಲುಗಳನ್ನು ನೋಡಿದೆ. ಹಿಂದಿನ ನೆಗೆತಗಳು ಇರಲಿಲ್ಲ. ಭಾಗವತರು ಪದ್ಯ ಎತ್ತಿದಾಗ ಆ ಹಿರಿಯರ ಹೆಜ್ಜೆ ಒಂದು ಕ್ಷಣ ತಡೆದು, ಮದ್ದಳೆಯ ಪೆಟ್ಟನ್ನು ತನ್ನ ಮುಂದೆ ಹೋಗಗೊಟ್ಟು, ಆಮೇಲೆ ನೆಲಕ್ಕೆ ಬಿತ್ತು. ಆ ತಡೆಯಲ್ಲಿ ಪಾತ್ರದ ಅಹಂಕಾರವೆಲ್ಲ ಇತ್ತು. ಅದನ್ನು ಅಭಿನಯದ ಕಾಲಮಿಗೆ ಹಾಕಬೇಕೋ ಕುಣಿತದ ಕಾಲಮಿಗೋ ತಿಳಿಯಲಿಲ್ಲ. ಪಕ್ಕದಲ್ಲಿ ಯಾರೂ ಇರಲಿಲ್ಲ, ಹೇಳಿಕೊಳ್ಳಲು. ಮರುವರ್ಷದ ಅಕ್ಟೋಬರಿನಲ್ಲಿ ಚಿಟ್ಟಾಣಿಯವರೂ ನಮ್ಮನ್ನಗಲಿದರು.

ಸಿದ್ದಿ ಹುಡುಗ ಈಗ ಯುವಕ. ಯಲ್ಲಾಪುರದಲ್ಲಿ ಕೆಲಸದಲ್ಲಿದ್ದಾನೆ, ಚಳಿಗಾಲದಲ್ಲಿ ಕರೆ ಬಂದ ಕಡೆ ವೇಷ ಕಟ್ಟುತ್ತಾನೆ. ಮಾತು ಬಹಳ ಸುಧಾರಿಸಿದೆ, ಸುತ್ತು ಕಡಿಮೆ ಮಾಡಿದ್ದಾನೆ. ಅದು ನನ್ನ ಮಾತಿನಿಂದ ಆಗಿರದಿರಲಿ ಎಂದು ಆಶಿಸುತ್ತೇನೆ.

ಕಳೆದ ವರ್ಷ ಬೇರೆ ಊರಿನವರು ಮಕ್ಕಳ ಸ್ಪರ್ಧೆಗೆ ತೀರ್ಪುಗಾರನಾಗಿ ಬರಬೇಕೆಂದು ಕೇಳಿದರು. ಬೇಡವೆಂದೇ ಹೇಳುವವನಿದ್ದೆ. ಆಮೇಲೆ ಮೂರು ಷರತ್ತು ಹಾಕಿದೆ: ಅಂಕ ಕೂಡಿಸುವ ಬದಲು ಪ್ರತಿಯೊಬ್ಬ ತೀರ್ಪುಗಾರನೂ ಮೊದಲನೆಯವನು, ಎರಡನೆಯವನು ಎಂದು ಕ್ರಮವನ್ನಷ್ಟೇ ಬರೆಯಬೇಕು, ಪದ್ಯವನ್ನು ಎಷ್ಟು ಬಾರಿ ಎತ್ತಬೇಕೆಂಬುದನ್ನು ಭಾಗವತರಿಗೆ ಮೊದಲೇ ತಿಳಿಸಬೇಕು, ಹಾಳೆಯಲ್ಲಿ ಷರಾ ಕಾಲಮು ಇರಬಾರದು. ಮೊದಲೆರಡನ್ನು ನಗುತ್ತಲೇ ಒಪ್ಪಿದರು. ಮೂರನೆಯದಕ್ಕೆ ಹಾಳೆಗಳು ಆಗಲೇ ಅಚ್ಚಾಗಿ ಬಂದಿದ್ದವು. ಒಂಬತ್ತು ಮಕ್ಕಳು ಕುಣಿದರು. ನಾನು ಆ ಕಾಲಮನ್ನು ಖಾಲಿ ಬಿಟ್ಟೆ.